ಮಂಜಿನಂಗಳದ ಬಾಲೆಯರೂ ಹದಿನೇಳರ ಕಟ್ಟಳೆಯೂ

ಮಂಜುಗಡ್ಡೆಯ ಮೇಲೆ ಸ್ಕೇಟಿಂಗ್ ಮಾಡುವವರು ಹದಿನೇಳು ವರ್ಷ ತುಂಬುವವರೆಗೆ ಹಿರಿಯರ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಭಾಗವಹಿಸಕೂಡದೆಂದು ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟವು ೨೦೨೨ರ ಜೂನ್ ತಿಂಗಳಲ್ಲಿ ನಿರ್ಣಯ ಮಾಡಿತು. ಅದಕ್ಕೆ ಮೊದಲು ಹದಿನೈದು ವರ್ಷವಾಗಿದ್ದರೆ ಸಾಕಾಗಿತ್ತು. ಹೊಸ ಕಟ್ಟಳೆಯು ಒಮ್ಮೆಲೇ ಜಾರಿಗೆ ಬರದೆ, ೨೦೨೩-೨೪ರಲ್ಲಿ ಹದಿನಾರಕ್ಕೂ ೨೦೨೪-೨೫ರಲ್ಲಿ ಹದಿನೇಳಕ್ಕೂ ಏರಿ ನಿಂತಿತು. ಗಂಡು ಹೆಣ್ಣು ಎರಡು ಪಂಗಡಗಳಿಗೂ ಅನ್ವಯಿಸುವ ಕಟ್ಟಳೆ ಇದಾದರೂ ಅದರ ಬಿಸಿ ತಟ್ಟಿದ್ದು ಹೆಣ್ಣುಮಕ್ಕಳಿಗೇ. ಹದಿನೈದು ಹದಿನಾರರಲ್ಲಿ ಜಗತ್ತನ್ನು ಗೆಲ್ಲುತ್ತಿದ್ದವರು ಅವರು. ಗಂಡಸರು ಆ ವಯಸ್ಸಿಗೆ ಗೆಲ್ಲುವುದು ಅಪರೂಪ. ಈ ಕಟ್ಟಳೆಯಿಂದ ಪ್ರತಿಭೆಗೆ ಕಡಿವಾಣ ಬಿತ್ತೆಂದು ಗೊಣಗುವವರು ಇಂದಿಗೂ ಉಂಟು. ಅವರ ಮಾತನ್ನು ನಾವು ಒಪ್ಪಲಾರೆವು. ಕಟ್ಟಳೆ ಸರಿಯಾದುದು, ಆದರೆ ಬಹಳ ತಡವಾಗಿ ಬಂದುದು, ಬಂದದ್ದೂ ಅರ್ಧಕ್ಕೆ ನಿಂತುದು ಎಂಬುದು ನಮ್ಮ ಅಭಿಪ್ರಾಯ.

ಶಿಮ್ಲಾದಲ್ಲಿ ೧೯೨೦ರಿಂದಲೂ ಚಳಿಗಾಲದಲ್ಲಿ ನೀರನ್ನು ಹೆಪ್ಪುಗಟ್ಟಿಸಿ ಸ್ಕೇಟಿಂಗ್ ನಡೆಸುವ ಅಂಗಳವೊಂದುಂಟು. ಅದನ್ನು ಬಿಟ್ಟರೆ ನಮ್ಮ ವಾಚಕರಲ್ಲಿ ಬಹುಮಂದಿ ಈ ಕ್ರೀಡೆಯನ್ನು ಕಂಡಿರುವುದು ಹೋಟೆಲಿನ ಗೋಡೆಗೆ ತೂಗುಹಾಕಿದ ಟೆಲಿವಿಷನ್ನಿನಲ್ಲಿ, ಅದೂ ನಾಲ್ಕು ವರ್ಷಕ್ಕೊಮ್ಮೆ, ಗಿರಾಕಿಗಳ ಸಂದಣಿ ಕಡಿಮೆಯಾದ ಹೊತ್ತಿನಲ್ಲಿ. ಬೂಟಿನಡಿಯ ಅಲಗಿನ ಮೇಲೆ ಒಂದೇ ಕಾಲಿನಲ್ಲಿ ಜಾರುತ್ತ ಬಂದು, ಗಾಳಿಗೆ ಹಾರಿ, ಮೂರು ಸುತ್ತು ಸುತ್ತಿ, ಮತ್ತೆ ಒಂದೇ ಕಾಲಿನ ಮೇಲೆ ನಗುನಗುತ್ತ ಇಳಿಯುವ ಆ ಹುಡುಗಿಯರನ್ನು ಕಂಡು ಅಪ್ಸರೆಯರೆಂದು ಬೆರಗಾಗದವರಿಲ್ಲ. ಬೆರಗಾಗುವುದು ತಪ್ಪೂ ಅಲ್ಲ. ಆದರೆ ಆ ನಗುವಿನ ಹಿಂದೆ ನಡೆದುಬಂದುದನ್ನು ತಿಳಿಯಬೇಕಾದರೆ ನೂರಿಪ್ಪತ್ತು ವರ್ಷಗಳಷ್ಟು ಹಿಂದಕ್ಕೆ ಹೋಗಬೇಕು.

೧೯೦೨ರಲ್ಲಿ ಲಂಡನ್ನಿನಲ್ಲಿ ವಿಶ್ವ ಚಾಂಪಿಯನ್‌ಷಿಪ್ ಪಂದ್ಯ ನಡೆಯಿತು. ಹೆಂಗಸೊಬ್ಬಳು ಹೆಸರು ಕೊಟ್ಟಾಳೆಂದು ನಿಬಂಧನೆಗಳನ್ನು ಬರೆದ ಮಹನೀಯರು ಕನಸಿನಲ್ಲಿಯೂ ಎಣಿಸಿರಲಿಲ್ಲವಾದ ಕಾರಣ, ಹೆಂಗಸರು ಬರಬಾರದೆಂದು ಅದರಲ್ಲಿ ಬರೆದಿರಲಿಲ್ಲ. ಮ್ಯಾಜ್ ಸೈಯರ್ಸ್ ಎಂಬ ಆಂಗ್ಲ ಮಹಿಳೆ ಹೆಸರು ಕೊಟ್ಟೇಬಿಟ್ಟಳು. ಕೊಟ್ಟದ್ದಷ್ಟೇ ಅಲ್ಲ, ಗಂಡಸರೆಲ್ಲರನ್ನೂ ಹಿಂದೆ ಹಾಕಿ, ಸ್ವೀಡನ್ನಿನ ಉಲ್ರಿಕ್ ಸಾಲ್ಕೋನೊಬ್ಬನಿಗೆ ಮಾತ್ರ ಸೋತು ರಜತಪದಕ ಪಡೆದಳು. ಮರುವರ್ಷವೇ ಒಕ್ಕೂಟದವರು ಸಭೆ ಸೇರಿ ಹೆಂಗಸರಿಗೆ ಬಾಗಿಲು ಮುಚ್ಚಿದರು. ಅವರು ಮುಂದಿಟ್ಟ ಕಾರಣಗಳನ್ನು ವಾಚಕರು ಕೇಳಬೇಕು: ಉದ್ದನೆಯ ಲಂಗದಿಂದ ಪಾದಗಳು ಮರೆಯಾಗಿ ತೀರ್ಪುಗಾರರಿಗೆ ಕಾಣುವುದಿಲ್ಲ, ತೀರ್ಪುಗಾರನು ತಾನು ಮೆಚ್ಚಿದ ಹುಡುಗಿಗೇ ಅಂಕ ಕೊಟ್ಟುಬಿಡಬಹುದು, ಹೆಂಗಸನ್ನು ಗಂಡಸಿನೊಡನೆ ಹೋಲಿಸುವುದು ಕಷ್ಟ. ಎರಡನೆಯ ಕಾರಣವನ್ನಂತೂ ಓದಿ ನಗುವುದೋ ಅಳುವುದೋ ತಿಳಿಯದು. ದೋಷ ತೀರ್ಪುಗಾರನ ಮನಸ್ಸಿನದು, ಹೊರಗೆ ಹೋಗಬೇಕಾದವಳು ಆಟಗಾರ್ತಿ! ಸೈಯರ್ಸ್ ಜಗಳವಾಡುತ್ತ ಕೂರಲಿಲ್ಲ. ಲಂಗವನ್ನು ಮೀನಖಂಡದವರೆಗೆ ಗಿಡ್ಡ ಮಾಡಿಕೊಂಡಳು. ೧೯೦೪ರ ಬ್ರಿಟಿಷ್ ಪಂದ್ಯದಲ್ಲಿ ತನ್ನ ಗಂಡನನ್ನೇ ಸೋಲಿಸಿದಳು. ಕಡೆಗೆ ೧೯೦೬ರಲ್ಲಿ ಹೆಂಗಸರಿಗೆಂದೇ ಬೇರೆ ಪಂದ್ಯವನ್ನು ಏರ್ಪಡಿಸಬೇಕಾಯಿತು. ಆ ವರ್ಷವೂ ಮರುವರ್ಷವೂ ಆಕೆಯೇ ಗೆದ್ದಳು. ೧೯೦೮ರ ಲಂಡನ್ ಒಲಿಂಪಿಕ್ಸಿನಲ್ಲಿ ಸ್ವರ್ಣವನ್ನೂ ಪಡೆದಳು. ೧೯೧೭ರಲ್ಲಿ ಮೂವತ್ತೈದನೆಯ ವಯಸ್ಸಿಗೇ ತೀರಿಕೊಂಡಳು.

ಲಂಗದ ಕಥೆ ಅಲ್ಲಿಗೆ ಮುಗಿಯಲಿಲ್ಲವೆಂಬುದು ವಿನೋದದ ಸಂಗತಿ. ೧೯೦೩ರಲ್ಲಿ ಲಂಗ ಉದ್ದವಾಯಿತೆಂದು ಆಕ್ಷೇಪಿಸಿದವರ ಉತ್ತರಾಧಿಕಾರಿಗಳು ೧೯೮೮ರಲ್ಲಿ ಲಂಗ ಗಿಡ್ಡವಾಯಿತೆಂದು ಆಕ್ಷೇಪಿಸಿದರು. ಪೂರ್ವ ಜರ್ಮನಿಯ ಕಟರೀನಾ ವಿಟ್ ಲಂಗವಿಲ್ಲದ ಗರಿಯುಡುಪು ತೊಟ್ಟು ಬಂದಳೆಂದು, ಹೆಂಗಸರು ಸೊಂಟವೂ ಹಿಂಭಾಗವೂ ಮುಚ್ಚುವ ಲಂಗ ತೊಡಲೇಬೇಕೆಂದು ವಿಧಿಸಿದರು. ಆ ವಿಧಿಯನ್ನು ತೆಗೆದುಹಾಕಲು ೨೦೦೪ರವರೆಗೆ ಕಾಯಬೇಕಾಯಿತು. ಹಣದ ವಿಚಾರದಲ್ಲಿಯೂ ಅಷ್ಟೇ ಕಟ್ಟುನಿಟ್ಟು. ೧೯೪೭ರಲ್ಲಿ ಕೆನಡದ ಬಾರ್ಬರಾ ಆನ್ ಸ್ಕಾಟ್ ವಿಶ್ವ ಚಾಂಪಿಯನ್ನಾಗಿ ಊರಿಗೆ ಮರಳಿದಾಗ ಒಟ್ಟಾವಾ ನಗರದವರು ಅಭಿಮಾನದಿಂದ ಆಕೆಗೊಂದು ಮೋಟಾರು ಕಾರನ್ನು ಉಡುಗೊರೆಯಾಗಿ ಕೊಟ್ಟರು. ಕಾರು ಇಟ್ಟುಕೊಂಡರೆ ಹವ್ಯಾಸಿಯೆಂಬ ಅರ್ಹತೆ ತಪ್ಪಿ ಒಲಿಂಪಿಕ್ಸಿಗೆ ಹೋಗಲಾಗದೆಂದು ಎಚ್ಚರಿಕೆ ಬಂದಿತು. ಹುಡುಗಿ ಕಾರನ್ನು ಹಿಂತಿರುಗಿಸಿ, ೧೯೪೮ರಲ್ಲಿ ಸ್ವರ್ಣವನ್ನು ಗೆದ್ದು ಬಂದಳು. ಫ್ರಾನ್ಸಿನ ಸೂರ್ಯಾ ಬೊನಾಲಿ ಎಂಬ ಕಪ್ಪು ವರ್ಣದ ಯುವತಿ ೧೯೯೩, ೧೯೯೪, ೧೯೯೫ ಮೂರು ವರ್ಷವೂ ವಿಶ್ವ ಪಂದ್ಯದಲ್ಲಿ ಎರಡನೆಯವಳಾಗಿಯೇ ಉಳಿದಳು. ೧೯೯೮ರ ನಾಗಾನೋ ಒಲಿಂಪಿಕ್ಸಿನಲ್ಲಿ, ಗಾಯಗೊಂಡ ದೇಹದಿಂದ, ಗೆಲುವಿನ ಆಸೆಯನ್ನು ಬಿಟ್ಟು, ನಿಷಿದ್ಧವಾಗಿದ್ದ ಹಿಂಬದಿಯ ಪಲ್ಟಿಯನ್ನು ಹೊಡೆದು ಒಂದೇ ಕಾಲಿನ ಮೇಲೆ ಇಳಿದು, ತೀರ್ಪುಗಾರರಿಗೆ ಬೆನ್ನು ತಿರುಗಿಸಿ ನಿಂತಳು. ಆ ಪಲ್ಟಿಯ ಮೇಲಿನ ನಿಷೇಧವನ್ನು ಒಕ್ಕೂಟವು ೨೦೨೪ರಲ್ಲಿ ತೆಗೆದುಹಾಕಿತು.

ಇಷ್ಟನ್ನು ಹೇಳಿದುದು ಏತಕ್ಕೆಂದರೆ, ಉಡುಪು, ಉಡುಗೊರೆ, ಪಲ್ಟಿಗಳಿಗೆಲ್ಲ ತಕ್ಷಣ ಕಟ್ಟಳೆ ಬರೆಯಬಲ್ಲವರಾಗಿದ್ದ ಈ ಮಹನೀಯರಿಗೆ ಮಕ್ಕಳ ಮೈಮೂಳೆಯ ವಿಚಾರ ಹೊಳೆಯಲು ೨೦೨೨ನೆಯ ಇಸವಿ ಬರಬೇಕಾಯಿತೇಕೆ ಎಂದು ಕೇಳುವುದಕ್ಕಾಗಿ.

ಮಕ್ಕಳು ಈ ಅಂಗಳಕ್ಕೆ ಹೊಸಬರಲ್ಲ. ನಾರ್ವೆಯ ಸೋನ್ಯಾ ಹೇನಿ ೧೯೨೪ರ ಒಲಿಂಪಿಕ್ಸಿಗೆ ಬಂದಾಗ ಆಕೆಗೆ ಹನ್ನೊಂದು ವರ್ಷ. ಮುಂದೆ ಹತ್ತು ಸಲ ವಿಶ್ವ ಚಾಂಪಿಯನ್ನಾಗಿ, ಮೂರು ಒಲಿಂಪಿಕ್ ಸ್ವರ್ಣಗಳನ್ನು ಗೆದ್ದು, ಹಾಲಿವುಡ್ಡಿನ ತಾರೆಯಾಗಿ ಮೆರೆದ ಈಕೆ ಆ ವರ್ಷ ಎಂಟು ಮಂದಿಯಲ್ಲಿ ಎಂಟನೆಯವಳು. ಅಂದರೆ ಅಂದು ಮಗು ಅಂಗಳಕ್ಕೆ ಇಳಿಯಬಹುದಾಗಿತ್ತು, ಗೆಲ್ಲಬೇಕಾದರೆ ಬೆಳೆಯಬೇಕಾಗಿತ್ತು. ೨೦೧೮ರಲ್ಲಿ ಹದಿನೈದರ ಬಾಲೆ ಅಲೀನಾ ಜಾಗಿಟೋವಾ ಒಲಿಂಪಿಕ್ ಸ್ವರ್ಣ ಗೆದ್ದಳು. ಈ ನಡುವೆ ಬದಲಾದುದು ಮಕ್ಕಳಲ್ಲ, ಅಂಕ ಕೊಡುವ ರೀತಿ.

ಇದನ್ನು ತುಸು ಬಿಡಿಸಿ ಹೇಳಬೇಕು. 'ಫಿಗರ್' ಸ್ಕೇಟಿಂಗ್ ಎಂಬ ಹೆಸರು ಬಂದುದೇ ಮಂಜುಗಡ್ಡೆಯ ಮೇಲೆ ಅಲಗಿನಿಂದ ಆಕೃತಿಗಳನ್ನು ಬರೆಯುವುದರಿಂದ. ಶುಭ್ರವಾದ ಅಂಗಳದ ಮೇಲೆ ಎಂಟರ ಅಂಕಿಯಂತಹ ವೃತ್ತಗಳನ್ನು ಬರೆದು, ಅದೇ ಗೆರೆಯ ಮೇಲೆ ಮತ್ತೆ ಮತ್ತೆ ಜಾರಬೇಕು. ತೀರ್ಪುಗಾರರು ಬಗ್ಗಿ, ಮೊಣಕಾಲೂರಿ, ಗೆರೆ ಎಲ್ಲಿ ತಪ್ಪಿತೆಂದು ನೋಡುವರು. ನಮ್ಮ ಹಿಂದಿನ ಕಾಲದ ಮಠದಲ್ಲಿ ಮರಳಿನ ಮೇಲೆ ಅಕ್ಷರ ತಿದ್ದಿದಂತೆಯೇ. ಒಂದು ಕಾಲದಲ್ಲಿ ಒಟ್ಟು ಅಂಕಗಳ ಅರ್ಧಕ್ಕೂ ಹೆಚ್ಚು ಪಾಲು ಇದಕ್ಕೇ ಮೀಸಲು. ೧೯೭೨ರಲ್ಲಿ ಆಸ್ಟ್ರಿಯದ ಟ್ರಿಕ್ಸಿ ಶೂಬಾ ನರ್ತನದ ಭಾಗದಲ್ಲಿ ಏಳನೆಯವಳಾಗಿಯೂ ಆಕೃತಿಗಳ ಬಲದಿಂದಲೇ ಸ್ವರ್ಣ ಪಡೆದಳು. ನೋಡುವವರಿಗೆ ಇದು ನೀರಸ. ಟೆಲಿವಿಷನ್ನಿನವರಿಗಂತೂ ಬೇಡವೇ ಬೇಡ. ಪಾಲು ಕ್ರಮೇಣ ಕುಗ್ಗಿ, ೧೯೯೦ಕ್ಕೆ ಆಕೃತಿಗಳು ಅಂತರರಾಷ್ಟ್ರೀಯ ಪಂದ್ಯಗಳಿಂದ ಪೂರ್ತಿಯಾಗಿ ಮರೆಯಾದವು. ವರ್ಷಾನುಗಟ್ಟಲೆ ತಾಳ್ಮೆಯಿಂದ ಮಾತ್ರ ಕೈಸೇರುತ್ತಿದ್ದ ವಿದ್ಯೆಗೆ ಬೆಲೆ ಹೋಯಿತು. ನೆಗೆತಕ್ಕೆ ಬೆಲೆ ಬಂದಿತು. ನೀರಸವಾದುದನ್ನು ತೆಗೆದುಹಾಕಿದರೆಂದು ನಾವೇನೂ ಶೋಕಿಸುವುದಿಲ್ಲ. ಆದರೆ ಅದರ ಜೊತೆಗೆ ಏನು ಹೋಯಿತೆಂಬುದನ್ನು ಅಂದು ಲೆಕ್ಕ ಹಾಕಿದವರು ಕಾಣುವುದಿಲ್ಲ.

೨೦೦೨ರ ಸಾಲ್ಟ್ ಲೇಕ್ ಒಲಿಂಪಿಕ್ಸಿನಲ್ಲಿ ತೀರ್ಪುಗಾರರ ಒಳಸಂಚಿನ ಹಗರಣ ಬಯಲಾದ ಮೇಲೆ, ೨೦೦೪ರಲ್ಲಿ ಒಂದೊಂದು ಚಲನೆಗೂ ಇಷ್ಟಿಷ್ಟೆಂದು ಅಂಕ ಗೊತ್ತುಮಾಡಿದ ಹೊಸ ಪದ್ಧತಿ ಬಂದಿತು. ಅಂಗಡಿಯ ದರಪಟ್ಟಿಯಂತೆ. ಬೀಜಿಂಗ್ ಒಲಿಂಪಿಕ್ಸಿನ ಕಾಲಕ್ಕೆ ಮೂರು ಸುತ್ತಿನ 'ಲಟ್ಜ್' ನೆಗೆತಕ್ಕೆ ಮೂಲ ಅಂಕ ೫.೯, ಅದೇ ನೆಗೆತ ನಾಲ್ಕು ಸುತ್ತಿನದಾದರೆ ೧೧.೫. ಒಂದು ಸುತ್ತಿಗೆ ಬೆಲೆ ಹೆಚ್ಚುಕಡಿಮೆ ಇಮ್ಮಡಿ. ನೆಗೆದವಳು ಗಾಳಿಯಲ್ಲಿರುವ ಕಾಲ ಮುಕ್ಕಾಲು ಸೆಕೆಂಡಿಗಿಂತಲೂ ಕಡಿಮೆ. ಅಷ್ಟರಲ್ಲಿ ನಾಲ್ಕು ಸುತ್ತು ಮುಗಿಯಬೇಕಾದರೆ ದೇಹ ಹಗುರವಾಗಿರಬೇಕು, ಸೊಂಟ ಕಿರಿದಾಗಿರಬೇಕು, ಕೈಗಳು ಎದೆಗೆ ಒತ್ತಿಕೊಂಡು ಬುಗುರಿಯಂತೆ ತಿರುಗಬೇಕು. ಅಂತಹ ದೇಹ ಹೆಣ್ಣಿಗೆ ಇರುವುದು ಪ್ರಾಯಕ್ಕೆ ಬರುವ ಮುಂಚೆ. ಗಂಡುಮಗ ಪ್ರಾಯಕ್ಕೆ ಬಂದರೆ ತೋಳು ತೊಡೆಗಳಿಗೆ ಬಲ ಬಂದು ನೆಗೆತ ಎತ್ತರವಾಗುತ್ತದೆ; ಹೆಣ್ಣುಮಗಳು ಪ್ರಾಯಕ್ಕೆ ಬಂದರೆ ಸುತ್ತು ನಿಧಾನವಾಗುತ್ತದೆ. ಪ್ರಕೃತಿ ಕೊಟ್ಟ ಬೆಳವಣಿಗೆ ಗಂಡಿಗೆ ಬಡ್ತಿ, ಹೆಣ್ಣಿಗೆ ಹಿಂಬಡ್ತಿ. ಆಗ ತರಬೇತುದಾರರು ಮಾಡುವುದೇನು? ಬೆಳವಣಿಗೆಯನ್ನೇ ಮುಂದೂಡಲು ನೋಡುತ್ತಾರೆ. ಊಟವನ್ನು ತೂಗಿ ಕೊಡುತ್ತಾರೆ.

ಇದರ ಫಲವನ್ನು ಇಸವಿಗಳೇ ಹೇಳುತ್ತವೆ. ೧೯೯೪ರಲ್ಲಿ ಸ್ವರ್ಣ ಗೆದ್ದ ಉಕ್ರೇನಿನ ಅನಾಥೆ ಒಕ್ಸಾನಾ ಬಯೂಲ್‌ಗೆ ಹದಿನಾರು; ೧೯೯೮ರಲ್ಲಿ ಅಮೆರಿಕದ ಟಾರಾ ಲಿಪಿನ್ಸ್ಕಿಗೆ ಹದಿನೈದು; ೨೦೦೨ರಲ್ಲಿ ಸಾರಾ ಹ್ಯೂಸ್‌ಗೆ ಹದಿನಾರು. ೨೦೧೪ರ ಸೋಚಿಯಲ್ಲಿ ಕೆಂಪು ಕೋಟು ತೊಟ್ಟು ಜಗತ್ತನ್ನೆಲ್ಲ ಮರುಳುಮಾಡಿ ತನ್ನ ದೇಶಕ್ಕೆ ತಂಡದ ಸ್ವರ್ಣ ತಂದುಕೊಟ್ಟ ರಷ್ಯದ ಯೂಲಿಯಾ ಲಿಪ್ನಿಟ್ಸ್ಕಾಯಾಗೆ ಹದಿನೈದು. ೨೦೧೭ರಲ್ಲಿ, ಹತ್ತೊಂಬತ್ತಕ್ಕೆ, ಆಕೆ ನಿವೃತ್ತಳಾದಳು. ಊಟವನ್ನೇ ತೊರೆಯುವ ಅನೊರೆಕ್ಸಿಯಾ ರೋಗಕ್ಕೆ ಚಿಕಿತ್ಸೆ ಪಡೆದು ಬಂದ ಮೇಲೆ. ನಮ್ಮ ಕಛೇರಿಗಳಲ್ಲಿ ಗುಮಾಸ್ತೆಯ ಕೆಲಸಕ್ಕೆ ಅರ್ಜಿ ಹಾಕಲೂ ಎಳೆಯದಾದ ವಯಸ್ಸು!

ಬೀಜಿಂಗಿನಲ್ಲಿ ೨೦೨೨ರ ಫೆಬ್ರವರಿ ೧೭ರಂದು ನಡೆದುದನ್ನು ನೋಡಿದವರು ಮರೆಯಲಾರರು. ರಷ್ಯದ ಕಮೀಲಾ ವಲಿಯೇವಾ ಹದಿನೈದರ ಹುಡುಗಿ. ಹಿಂದಿನ ಡಿಸೆಂಬರಿನಲ್ಲಿ ಆಕೆಯಿಂದ ತೆಗೆದುಕೊಂಡ ಮಾದರಿಯಲ್ಲಿ ಟ್ರೈಮೆಟಾಜಿಡಿನ್ ಎಂಬ ಹೃದ್ರೋಗದ ಔಷಧಿ ಪತ್ತೆಯಾಗಿತ್ತು. ವಾದವಿವಾದದ ಮೇಲೆ ಆಡಲು ಅನುಮತಿ ಸಿಕ್ಕಿತು. ಮೊದಲ ಭಾಗದಲ್ಲಿ ಮೊದಲಿಗಳಾಗಿದ್ದವಳು ಅಂದು ಮತ್ತೆ ಮತ್ತೆ ಎಡವಿ ಬಿದ್ದು ನಾಲ್ಕನೆಯ ಸ್ಥಾನಕ್ಕೆ ಇಳಿದಳು. ಅಳುತ್ತ ಅಂಗಳದಿಂದ ಹೊರಬಂದ ಮಗುವನ್ನು ತರಬೇತುದಾರ್ತಿ ಎದುರುಗೊಂಡದ್ದು ಅಪ್ಪುಗೆಯಿಂದಲ್ಲ, ಹೋರಾಟವನ್ನೇಕೆ ಬಿಟ್ಟೆಯೆಂಬ ಪ್ರಶ್ನೆಯಿಂದ. ಆ ನಿರ್ದಯೆಯನ್ನು ಕಂಡು ಒಲಿಂಪಿಕ್ ಸಮಿತಿಯ ಅಂದಿನ ಅಧ್ಯಕ್ಷರೇ ಬಹಿರಂಗವಾಗಿ ವ್ಯಥೆ ತೋಡಿಕೊಂಡರು. ನಾಲ್ಕು ಸುತ್ತಿನ ಐದು ನೆಗೆತಗಳನ್ನು ಹಾಕಿ ರಜತ ಪಡೆದ ಅಲೆಕ್ಸಾಂದ್ರಾ ಟ್ರುಸೋವಾ ಈ ಆಟವೇ ಬೇಡವೆಂದು ಗೋಳಾಡಿದಳು. ಸ್ವರ್ಣ ಗೆದ್ದ ಆನ್ನಾ ಶ್ಚೆರ್ಬಕೋವಾ ಒಂದು ಕಡೆ ಒಬ್ಬಳೇ ಕುಳಿತಿದ್ದಳು, ಅಭಿನಂದಿಸಲು ಯಾರಿಗೂ ಬಿಡುವಿರಲಿಲ್ಲ. ಮೂವರೂ ಒಬ್ಬಳೇ ಗುರುವಿನ ಶಿಷ್ಯೆಯರು. ೨೦೨೪ರ ಜನವರಿಯಲ್ಲಿ ಕ್ರೀಡಾ ನ್ಯಾಯಾಲಯ ವಲಿಯೇವಾಳನ್ನು ನಾಲ್ಕು ವರ್ಷ ಬಹಿಷ್ಕರಿಸಿ ತೀರ್ಪು ಕೊಟ್ಟಿತು. ಆ ತೀರ್ಪಿನಲ್ಲಿ ಶಿಕ್ಷೆಯಾದುದು ಆ ಹುಡುಗಿಗೆ. ಹದಿನೈದರ ಮಗು ಹೃದ್ರೋಗದ ಮಾತ್ರೆಯನ್ನು ತಾನಾಗಿ ಹುಡುಕಿಕೊಂಡು ಹೋದೀತೇ ಎಂದು ಕೇಳಲು ವೈದ್ಯಶಾಸ್ತ್ರ ಬಲ್ಲವರಾಗಬೇಕಿಲ್ಲ.

ನಾಲ್ಕು ತಿಂಗಳಲ್ಲಿ ಹದಿನೇಳರ ಕಟ್ಟಳೆ ಬಂದಿತು.

ಕಟ್ಟಳೆಯನ್ನು ವಿರೋಧಿಸುವವರ ಒಂದು ವಾದವನ್ನು ಮಾತ್ರ ನಾವು ಹಗುರವಾಗಿ ತಳ್ಳಿಹಾಕಲಾರೆವು. ಅದು ಬಡವರ ಪರವಾದ ವಾದ. ಈ ಆಟ ಹಣವನ್ನು ನುಂಗುತ್ತದೆ: ಅಂಗಳದ ಬಾಡಿಗೆ, ಬೂಟು, ಅಲಗು, ಉಡುಪು, ಗುರುಗಳ ಸಂಬಳ. ಕಾಯುವ ಎರಡು ವರ್ಷ ಶ್ರೀಮಂತರಿಗೆ ಏನೂ ಅಲ್ಲ, ಬಡವರಿಗೆ ಅದು ಮನೆಯ ಮೇಲಿನ ಸಾಲ. ಅಮೆರಿಕದ ಟೋನ್ಯಾ ಹಾರ್ಡಿಂಗಳ ತಾಯಿ ಹೋಟೆಲಿನಲ್ಲಿ ಮೇಜುಗಳಿಗೆ ತಿಂಡಿ ಒಯ್ಯುವ ಕೆಲಸದವಳು. ಮಗಳ ಉಡುಪುಗಳನ್ನು ಕೊಳ್ಳಲಾರದೆ ಕೈಯಾರೆ ಹೊಲಿದು ತೊಡಿಸಿದವಳು. ಆ ಹುಡುಗಿ ೧೯೯೧ರಲ್ಲಿ ಮೂರೂವರೆ ಸುತ್ತಿನ 'ಆಕ್ಸೆಲ್' ನೆಗೆದ ಮೊದಲ ಅಮೆರಿಕನ್ ಮಹಿಳೆಯೆನಿಸಿದಳು. ಆಕೆಯ ಪ್ರತಿಸ್ಪರ್ಧಿ ನ್ಯಾನ್ಸಿ ಕೆರಿಗನ್ನಳ ತಂದೆ ಬೆಸುಗೆಯ ಕೆಲಸಗಾರ; ಮಗಳ ಪಾಠದ ಸಂಬಳಕ್ಕೆ ಬದಲಾಗಿ ಅಂಗಳದ ಮಂಜುಗಡ್ಡೆಯನ್ನು ಹದಮಾಡುವ ಯಂತ್ರ ನಡೆಸಿದವನು. ೧೯೯೪ರ ಜನವರಿ ೬ರಂದು ಡೆಟ್ರಾಯಿಟಿನಲ್ಲಿ ಹಾರ್ಡಿಂಗಳ ಮಾಜಿ ಗಂಡನ ಕಡೆಯವರು ಕೆರಿಗನ್ನಳ ಕಾಲಿಗೆ ದೊಣ್ಣೆಯಿಂದ ಹೊಡೆಸಿದ ಕುತ್ಸಿತ ಕೃತ್ಯ ಲೋಕವೆಲ್ಲ ತಿಳಿದದ್ದೇ. ತನಿಖೆಗೆ ಅಡ್ಡಿಪಡಿಸಿದ ಅಪರಾಧವನ್ನು ಒಪ್ಪಿಕೊಂಡು ಹಾರ್ಡಿಂಗ್ ಆಜೀವ ಬಹಿಷ್ಕಾರಕ್ಕೆ ಗುರಿಯಾದಳು. ಅಪರಾಧವನ್ನು ನಾವು ಸಮರ್ಥಿಸುವವರಲ್ಲ. ಆದರೆ ಅಂದಿನ ಪತ್ರಿಕೆಗಳು ಒಬ್ಬಳನ್ನು ರಾಜಕುಮಾರಿಯಾಗಿಯೂ ಮತ್ತೊಬ್ಬಳನ್ನು ರಾಕ್ಷಸಿಯಾಗಿಯೂ ಚಿತ್ರಿಸಿದವೇ ಹೊರತು, ಇಬ್ಬರೂ ದುಡಿದು ತಿನ್ನುವ ಮನೆಯ ಮಕ್ಕಳು, ಎರಡು ಮನೆಗಳೂ ಮಗಳ ಬೂಟಿಗಾಗಿ ಹೊಟ್ಟೆಬಟ್ಟೆ ಕಟ್ಟಿದವು ಎಂಬುದನ್ನು ಒತ್ತಿ ಹೇಳಿದವರು ಕಡಿಮೆ.

ಬಡವರ ಹೆಸರಿನ ಈ ವಾದವನ್ನು ನಮ್ಮ ವಾಚಕರು ಬೇರೊಂದು ಕಡೆಯಲ್ಲಿ ಕೇಳಿ ಬಲ್ಲರು. ದಕ್ಷಿಣ ಕನ್ನಡದಿಂದ ಹತ್ತು ಹನ್ನೆರಡನೆಯ ವಯಸ್ಸಿಗೇ ಮುಂಬಯಿಗೆ ಬಂದು, ಹೋಟೆಲಿನಲ್ಲಿ ಲೋಟ ತೊಳೆದು, ಮೇಜು ಒರೆಸಿ, ಮಾಣಿಯಾಗಿ, ರಾತ್ರಿ ಶಾಲೆಯಲ್ಲಿ ತೂಕಡಿಸುತ್ತ ಓದಿ ಮುಂದೆ ಬಂದ ಹಿರಿಯರು ನಮ್ಮಲ್ಲಿ ಎಷ್ಟೋ ಮಂದಿ. ಹದಿನಾಲ್ಕು ತುಂಬದ ಮಕ್ಕಳನ್ನು ಹೋಟೆಲುಗಳಲ್ಲಿ ದುಡಿಸಕೂಡದೆಂದು ೨೦೦೬ರ ಅಕ್ಟೋಬರಿನಲ್ಲಿ ಸರಕಾರ ವಿಧಿಸಿದಾಗ, ಹುಡುಗ ಊರಲ್ಲಿದ್ದರೆ ಉಪವಾಸ, ಎಳೆಯ ವಯಸ್ಸಿನಲ್ಲಿ ಕಲಿತರೇ ಕೆಲಸ ಕೈಗೆ ಹತ್ತುವುದು ಎಂದವರು ಇದ್ದರು. ಹಾಗೆ ಹೇಳಿದವರೆಲ್ಲ ಕೆಟ್ಟವರಲ್ಲ. ತಾವೂ ಹಾಗೆಯೇ ಬಂದವರು. ಆದರೆ ಗೆದ್ದು ಬಂದವನು ಮಾತ್ರ ತನ್ನ ಕಥೆ ಹೇಳುತ್ತಾನೆ. ಬಿಸಿನೀರಿನ ಹಂಡೆಯ ಬಳಿ ಕೈ ಸುಟ್ಟುಕೊಂಡು ಊರಿಗೆ ಮರಳಿದ ಹುಡುಗನ ಕಥೆ ಯಾವ ಸನ್ಮಾನ ಸಮಾರಂಭದಲ್ಲಿಯೂ ಕೇಳಿಬರುವುದಿಲ್ಲ. ಮಂಜಿನಂಗಳದಲ್ಲಿಯೂ ಅದೇ. ಒಬ್ಬ ಜಾಗಿಟೋವಾಳ ಪದಕವನ್ನು ಎಲ್ಲರೂ ಕಂಡರು. ಹದಿಮೂರಕ್ಕೇ ಬೆನ್ನುಮೂಳೆ ನೊಂದು ಮನೆಗೆ ಹೋದವರ ಹೆಸರು ಯಾವ ಫಲಿತಾಂಶಪಟ್ಟಿಯಲ್ಲಿಯೂ ಇರುವುದಿಲ್ಲ.

ಬಡ ಮನೆಯ ಮಗಳಿಗೆ ನೆರವಾಗಬೇಕಾದರೆ ಅಂಗಳದ ಬಾಡಿಗೆಯನ್ನೂ ಬೂಟಿನ ವೆಚ್ಚವನ್ನೂ ಒಕ್ಕೂಟ, ಸರಕಾರಗಳು ಹೊರಲಿ. ಮಗಳ ಮೂಳೆಯನ್ನು ಒತ್ತೆಯಿಡುವುದು ನೆರವಲ್ಲ. ಕಾದರೆ ಪ್ರತಿಭೆ ಬಾಡುವುದೆಂಬ ಭಯಕ್ಕಂತೂ ಆಧಾರ ಸಾಲದು. ಅಮೆರಿಕದ ಟೆನ್ಲಿ ಆಲ್‌ಬ್ರೈಟ್ ಹನ್ನೊಂದರಲ್ಲಿ ಪೋಲಿಯೋ ಪೀಡಿತಳಾಗಿ, ಗುಣವಾಗಿ, ಕಾಲೇಜಿನ ಓದಿನ ಜೊತೆಗೇ ಅಭ್ಯಾಸ ಮಾಡಿ ಇಪ್ಪತ್ತರ ವಯಸ್ಸಿನಲ್ಲಿ ೧೯೫೬ರ ಒಲಿಂಪಿಕ್ ಸ್ವರ್ಣ ಗೆದ್ದಳು. ಆ ಮೇಲೆ ಶಸ್ತ್ರವೈದ್ಯೆಯಾದಳು. ಜಪಾನಿನ ಅಕಿಕೋ ಸುಜುಕಿ ಹದಿನೆಂಟರ ಹೊತ್ತಿಗೆ ಅದೇ ಅನೊರೆಕ್ಸಿಯಾದಿಂದ ೩೨ ಕಿಲೋ ತೂಕಕ್ಕೆ ಇಳಿದಿದ್ದಳು. ತಿಂದು, ಚೇತರಿಸಿಕೊಂಡು, ಮತ್ತೆ ಬಂದು, ಇಪ್ಪತ್ತೇಳರಲ್ಲಿ, ೨೦೧೨ರಲ್ಲಿ, ವಿಶ್ವ ಪಂದ್ಯದ ಕಂಚನ್ನು ಪಡೆದಳು. ಅದೇ ದೇಶದ ಕಾವೊರಿ ಸಕಾಮೊಟೋ ನಾಲ್ಕು ಸುತ್ತಿನ ನೆಗೆತವಿಲ್ಲದೆಯೇ, ವೇಗದ ಮತ್ತು ಹರಿತವಾದ ಜಾರುವಿಕೆಯ ಬಲದಿಂದ, ೨೦೨೨ರಿಂದ ೨೦೨೪ರವರೆಗೆ ಮೂರು ಸಲ ವಿಶ್ವ ಚಾಂಪಿಯನ್. ಅಮೆರಿಕದ ಅಲಿಸಾ ಲಿಯು ಹದಿಮೂರಕ್ಕೆ ದೇಶದ ಚಾಂಪಿಯನ್ನಾಗಿ, ಹದಿನಾರಕ್ಕೆ ಸಾಕೆಂದು ಬೂಟು ಬಿಚ್ಚಿಟ್ಟವಳು. ಎರಡು ವರ್ಷ ಅಂಗಳದ ಕಡೆ ಮುಖ ಹಾಕದೆ, ಅನಂತರ ತಾನೇ ಮನಸ್ಸು ಮಾಡಿ, ಸಂಗೀತವೂ ಉಡುಪೂ ತನ್ನ ಆಯ್ಕೆಯಂತೆಯೇ ಆಗಬೇಕೆಂಬ ಕರಾರಿನ ಮೇಲೆ ಮರಳಿದಳು. ೨೦೨೫ರ ಮಾರ್ಚಿಯಲ್ಲಿ ಬಾಸ್ಟನ್ನಿನಲ್ಲಿ, ಹತ್ತೊಂಬತ್ತರ ಹರೆಯದಲ್ಲಿ, ವಿಶ್ವ ಚಾಂಪಿಯನ್ ಆದಳು. ಆಕೆಯ ಅಂದಿನ ನಗುವನ್ನೂ ಬೀಜಿಂಗಿನ ಮೂವರ ಮುಖಗಳನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕು.

ಇನ್ನು ಕಟ್ಟಳೆ ಅರ್ಧಕ್ಕೆ ನಿಂತಿದೆಯೆಂದು ನಾವು ಮೊದಲೇ ಹೇಳಿದೆವಷ್ಟೆ. ಹದಿನೇಳರ ನಿಬಂಧನೆ ಹಿರಿಯರ ಪಂದ್ಯಕ್ಕೆ ಮಾತ್ರ. ಕಿರಿಯರ ಅಂತರರಾಷ್ಟ್ರೀಯ ಪಂದ್ಯಕ್ಕೆ ಹದಿಮೂರು ವರ್ಷವಾದರೆ ಸಾಕು. ಅಲ್ಲಿಯೂ ದರಪಟ್ಟಿ ಅದೇ, ಹೆಚ್ಚು ಸುತ್ತಿಗೆ ಹೆಚ್ಚು ಅಂಕ. ಹೀಗಿರುವಾಗ ಮುಂದಿನ ಬಾಗಿಲಿನಲ್ಲಿ ತಡೆದ ಮಗುವನ್ನು ಹಿಂದಿನ ಬಾಗಿಲಿನಿಂದ ಒಳಗೆ ನೂಕಿದಂತಾಗುವುದಿಲ್ಲವೇ? ಕಿರಿಯರ ಪಂದ್ಯದಲ್ಲಿ ನಾಲ್ಕು ಸುತ್ತಿನ ನೆಗೆತಕ್ಕೆ ಅಂಕವನ್ನೇ ಕೊಡದಿರಲಿ. ಆಗ ಹನ್ನೆರಡರ ಮಗುವಿನಿಂದ ಅದನ್ನು ಹಾಕಿಸಲು ಯಾವ ತರಬೇತುದಾರನಿಗೂ ಲಾಭವಿರುವುದಿಲ್ಲ. ಎಳೆಯರ ದೇಹದಲ್ಲಿ ಮದ್ದು ಪತ್ತೆಯಾದರೆ, ಮಗುವಿನ ಹೆಸರಿಗೆ ಮುಂಚೆ ಅದರ ಗುರುವಿನ, ವೈದ್ಯನ, ಆಡಳಿತಗಾರನ ಹೆಸರು ವಿಚಾರಣೆಗೆ ಬರಲಿ. ಒಕ್ಕೂಟವು ೨೦೨೧ರಲ್ಲಿ ಪಂದ್ಯದ ಹೆಸರಿನಲ್ಲಿದ್ದ 'ಲೇಡೀಸ್' ಎಂಬ ಪದವನ್ನು ತೆಗೆದು 'ವಿಮೆನ್' ಎಂದು ಬದಲಾಯಿಸಿತು. ಹೆಂಗಸರೆಂದು ಕರೆಯಲು ಒಪ್ಪಿದವರು, ಅಂಗಳಕ್ಕೆ ಇಳಿಯುವವರು ಹೆಂಗಸರಾಗುವವರೆಗೆ ಕಾಯಲೂ ಒಪ್ಪಬೇಕಾಗುತ್ತದೆ.